ಪೂಜೆಯ ಹೊತ್ತಿಗೆ ಬಂದ ಯಂತ್ರ

ಹುಣಸೂರಿನ ಆ ಆಸ್ಪತ್ರೆಯಲ್ಲಿ ವೈದ್ಯರು ನಡೆದು ಬರುವುದಿಲ್ಲ, ಉರುಳಿ ಬರುತ್ತಾರೆ. ನೀರಿನ ಡ್ರಮ್ಮಿಗೆ ಚಕ್ರ ಕಟ್ಟಿ ಮೇಲೆ ಟೀವಿ ಕೂರಿಸಿದಂಥ ಯಂತ್ರ. ಅದರೊಳಗೆ ಡಾಕ್ಟರ್ ಶರತ್ ಅವರ ಮುಖ. ಮೈಸೂರಿನಲ್ಲಿ ಕುರ್ಚಿ ಬಿಟ್ಟೇಳದೆ ಅವರು ಅದನ್ನು ನಡೆಸುತ್ತಾರಂತೆ. ನಾಡಿ ಹಿಡಿಯದೆ ಕಾಯಿಲೆ ಹೇಳುವ ಈ ಜಾಣತನವನ್ನು ಮಗಳು ಚೈತ್ರ ಬಾಯಿತುಂಬ ಹೊಗಳಿದ್ದಳು.

ನನ್ನ ಹೆಂಡತಿ ಚಿಕ್ಕಬಸಮ್ಮನಿಗೆ ಹೃದಯದ ಕಾಯಿಲೆ. ಅಂದು ಬೆಳಿಗ್ಗೆ ಮಂಚದ ಮೇಲೆಯೇ ಕುಳಿತು, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ತೊಡಗಿದ್ದಳು. ಪೂಜೆ ಮುಗಿಯುವವರೆಗೆ ಅವಳು ಮಾತಾಡುವವಳಲ್ಲ; ಐವತ್ತು ವರ್ಷ ನಾನೇ ಮಾತಾಡಿಸಿದವನಲ್ಲ. ಯಂತ್ರ ಅದೇ ಹೊತ್ತಿಗೆ ಬಂದು ನಿಂತಿತು.

"ಅಮ್ಮಾ, ನಿಮ್ಮ ಹೆಸರೇನು? ಇವತ್ತು ಯಾವ ವಾರ?"

ಅವಳು ಕಣ್ಣೆತ್ತಲಿಲ್ಲ.

"ಪೂಜೇಲವ್ಳೆ ಕಣಪ್ಪ," ಎಂದೆ. "ಅಂಗೈ ನೋಡು."

"ಕೈ ಕಾಣ್ತಿಲ್ಲ ಅಜ್ಜ."

ಹೇಗೆ ಕಂಡೀತು? ಮಂಚದ ಕಂಬಿ ಅಡ್ಡವಿತ್ತು. ಯಂತ್ರಕ್ಕೆ ಬಗ್ಗಲು ಬಾರದು.

"ಬಗ್ಗಕ್ಕೂ ಬರದ್ ಮ್ಯಾಲೆ ಯಾಕಪ್ಪ ಬಂದೆ?"

ಮುಖ ನಕ್ಕಿತು. "ಸಿಸ್ಟರ್, ಪೇಷೆಂಟ್ ಮಾತಿಗೆ ರೆಸ್ಪಾಂಡ್ ಮಾಡ್ತಿಲ್ಲ. ಐಸಿಯುಗೆ ಶಿಫ್ಟ್ ಮಾಡಿ." ತಿರುಗಿ, ಬಾಗಿಲಿಗೊಮ್ಮೆ ಗುದ್ದಿ, ಹೊರಟುಹೋಯಿತು.

ಕಾಲು ಗಂಟೆಯ ಮೇಲೆ ಚಿಕ್ಕಬಸಮ್ಮ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಳು. "ಏನಂತೆ ಅದ್ಕೆ? ನನ್ನೆಸ್ರು ಗೊತ್ತಿಲ್ದೆ ಇಷ್ಟ್ ದಿನ ಯಾರಿಗ್ ಮಾತ್ರೆ ಕೊಡ್ತಿತ್ತಂತೆ? ಇವತ್ತು ಸೋಮ್ವಾರ ಅಂತ ಯೋಳೋಗಿ."

ನರ್ಸ್ ಸೌಂದರ್ಯಳಿಗೆ ನಗು ಬಂತು. ಆದರೂ, "ಡಾಕ್ಟ್ರು ಈಗ ಎಚ್.ಡಿ. ಕೋಟೆ ಆಸ್ಪತ್ರೇಲಿರೋ ಇಂಥದ್ದೇ ಮಿಷಿನ್‌ನಲ್ಲವ್ರೆ ಅಜ್ಜ, ಸಾಯಂಕಾಲದ್ ಗಂಟ ಸಿಕ್ಕಲ್ಲ. ಅವ್ರು ಹೇಳಿದ್ನ ನಾನು ಬದಲಾಯ್ಸಂಗಿಲ್ಲ," ಎಂದಳು.

"ಲಿಂಗ?" ಎಂದೆ.

"ಐಸಿಯು ಒಳ್ಗೆ ಮೈಮೇಲೆ ಏನೂ ಇರಂಗಿಲ್ಲ. ತೆಗ್ದು ನಿಮ್ ಕೈಗೆ ಕೊಡ್ತೀವಿ."

ದೀಕ್ಷೆಯಾದಂದಿನಿಂದ ಅವಳ ಮೈ ಬಿಟ್ಟಿರದ ಲಿಂಗ. ನನ್ನ ಕೈಗೆ ಕೊಡುತ್ತಾರಂತೆ, ಕಳಚಿದ ಕೈಗಡಿಯಾರದ ಹಾಗೆ!

"ಒಂದಿನ ತಾನೆ ಅಪ್ಪಾ," ಎಂದಳು ಮಂಚದ ಪಕ್ಕದಲ್ಲಿದ್ದ ಚೈತ್ರ.

ಚಿಕ್ಕಬಸಮ್ಮ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು. "ನಡೀರಿ ಮನೆಗೆ."

ನನ್ನದೇ ಹೊಣೆ ಎಂದು ಬರೆದು, ರುಜು ಹಾಕಿ, ಕಟ್ಟೆಮಳಲವಾಡಿಗೆ ಕರೆತಂದೆ. ನಾಲ್ಕನೆಯ ದಿನ ಬೆಳಗಿನ ಪೂಜೆಯಲ್ಲಿಯೇ ಅವಳು ಶಿವೈಕ್ಯಳಾದಳು. ಲಿಂಗ ಅವಳ ಬಳಿಯೇ ಇತ್ತು.

ಐಸಿಯುವಿನಲ್ಲಿ ಬಿಟ್ಟಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳು ಎಂದು ಚೈತ್ರ ಇಂದಿಗೂ ಅಳುತ್ತಾಳೆ. ಇರುತ್ತಿದ್ದಳೇನೋ. ನಾನು ಎದುರಾಡುವುದಿಲ್ಲ, ಪಕ್ಕದಲ್ಲಿ ಕುಳಿತು ನಾನೂ ಅಳುತ್ತೇನೆ. ಆ ಡಬ್ಬಿಯನ್ನು ಡಾಕ್ಟರು ಎನ್ನಬೇಡ ಎಂದು ಮಾತ್ರ ಹೇಳಿದ್ದೇನೆ.