ಎಂಜಿನ್ನಿಗೆ ಬಲಸುತ್ತು

ಮಾರೇನಹಳ್ಳಿಯ ನಂಜುಂಡಪ್ಪನವರ ಮಿಲ್ಲಿಗೆ ಹೊಸ ಡೀಸೆಲ್ ಪಂಪು ಬೇಕೆಂದು ಹೇಳಿದವನು ಅವರ ಅಳಿಯ ಚನ್ನಕೇಶವನೇ. ಹೇಳಿದ ಮರುಗಳಿಗೆಯಿಂದಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಹುಡುಕತೊಡಗಿದ್ದ. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಮಾವನವರು ಅವನ ಮಾತಿಗೆ ಮೊಟ್ಟಮೊದಲ ಸಲ "ಹೂಂ" ಅಂದಿದ್ದರು.

ಚನ್ನಕೇಶವ ಮನೆ ಅಳಿಯ. ಹಗಲು ರಾಜಾಜಿನಗರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಬೋಲ್ಟು ನಟ್ಟುಗಳನ್ನು ಎಣಿಸಿ ಕೊಡುವ ಕೆಲಸ. ಸಂಜೆ ಸೈಕಲ್ ತುಳಿದುಕೊಂಡು ಪೇಟೆಗೆ ಹೋಗಿ ಆಯಿಲ್ ಎಂಜಿನ್ನಿನ ಕ್ಲಾಸು. ಪರೀಕ್ಷೆಯಲ್ಲಿ ಪಾಸಾಗಿದ್ದ. ಪಾಸಾದದ್ದು ತಾನೇ ಹೌದೋ, ನಂಬರು ಅದಲುಬದಲಾಗಿ ಬೇರೆ ಯಾರದೋ ಅಂಕ ತನಗೆ ಬಂತೋ ಎಂಬ ಅನುಮಾನ ಮಾತ್ರ ಇನ್ನೂ ಹೋಗಿರಲಿಲ್ಲ. ಮನೆಯಲ್ಲಿ ಅವನ ಮಾತಿಗಿದ್ದ ಬೆಲೆ ಕೊಟ್ಟಿಗೆಯ ಕರುವಿನ ಕೂಗಿಗಿದ್ದಷ್ಟು. ಕೂಗಿದರೆ ಯಾರಾದರೊಬ್ಬರು ತಿರುಗಿ ನೋಡುತ್ತಿದ್ದರು, ಅಷ್ಟೆ.

ಮಿಲ್ಲಿನ ಎಂಜಿನ್ನು ಎರಡು ಸಿಲಿಂಡರಿನದು, ಹಳೆಯದು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲವಾದ್ದರಿಂದ ರಾಗಿ ಬೀಸುವ ಕಲ್ಲು, ಬತ್ತ ಕುಟ್ಟುವ ಹಲ್ಲರು ಎರಡನ್ನೂ ಅದೇ ಎಳೆಯಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಹಾಗಾಗಿ ಎಂಜಿನ್ನು ಉಸಿರು ಕಟ್ಟಿ ನಿಲ್ಲುತ್ತಿತ್ತು. ಸಿಲಿಂಡರಿಗೆ ಎಣ್ಣೆ ಚಿಮ್ಮಿಸುವ ಪಂಪನ್ನು ದೊಡ್ಡದು ಮಾಡಿದರೆ ಸರಿಹೋಗುತ್ತದೆ ಎಂದು ಚನ್ನಕೇಶವ ಹೇಳಿದ್ದ. ನಂಜುಂಡಪ್ಪನವರು ಹಳೆಯ ಪಂಪನ್ನು ಪೇಟೆಯ ಅಂಗಡಿಗೇ ಕೊಟ್ಟು ದೊಡ್ಡದನ್ನು ತಂದರು. ಅಂದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

"ಕೂರ್ಸೋಕೆ ಪೇಟೆಯಿಂದ ಮೇಸ್ತ್ರಿ ಕರೆಸ್ಲಾ?" ಎಂದು ಮಾವ ಕೇಳಿದಾಗ "ಕರೆಸಿ" ಅಂದುಬಿಟ್ಟಿದ್ದರೆ ಎಲ್ಲವೂ ನೆಟ್ಟಗಿರುತ್ತಿತ್ತು. ಚನ್ನಕೇಶವನ ಬಾಯಿ ಅವನನ್ನು ಕೇಳದೆಯೇ "ಯಾಕೆ ಮಾವ, ನಾನೇ ಕೂರಿಸ್ತೀನಿ" ಅಂದಿತು.

ಭಾನುವಾರ ಬೆಳಗ್ಗೆ ಮಿಲ್ಲಿನ ಮುಂದೆ ಮೂಡಲಪಾಳ್ಯದ ದೊಡ್ಡಹನುಮಯ್ಯನವರ ಬತ್ತದ ಗಾಡಿಗಳು ಬಂದು ನಿಂತವು. ಅವರ ಮಗಳ ಮದುವೆ. ನಾಳೆ ಚಪ್ಪರ, ನಾಡಿದ್ದು ಧಾರೆ. ಇವತ್ತು ಸಂಜೆಯೊಳಗೆ ಅಕ್ಕಿ ಆಗಬೇಕು. ಇಂಥ ಮದುವೆ ಬತ್ತ ಬೇರೆ ಮಿಲ್ಲಿಗೆ ಹೋದರೆ ಊರಿನ ಬತ್ತವೆಲ್ಲ ಅದರ ಹಿಂದೆ ಹೋಗುತ್ತದೆ.

"ಅಳಿಯಂದ್ರು ಕೂರಿಸ್ತಾ ಇದಾರೆ," ಎಂದು ನಂಜುಂಡಪ್ಪನವರು ದೊಡ್ಡಹನುಮಯ್ಯನವರಿಗೆ ಹೇಳಿದರು. ಆ ಧ್ವನಿಯಲ್ಲಿ ಹೆಮ್ಮೆ ಇತ್ತೋ, ಮುಂದೆ ಬೈಯಬೇಕಾದವರು ಯಾರೆಂದು ಮೊದಲೇ ತೋರಿಸಿಕೊಡುವ ಎಚ್ಚರಿಕೆ ಇತ್ತೋ ಚನ್ನಕೇಶವನಿಗೆ ತಿಳಿಯಲಿಲ್ಲ.

ಪಂಪನ್ನು ಬೋಲ್ಟು ಹಾಕಿ ಕೂರಿಸುವುದು ದೊಡ್ಡದಲ್ಲ. ಕಷ್ಟವಿರುವುದು ಅದರ ಹೊತ್ತು ಕೂರಿಸುವುದರಲ್ಲಿ. ಎಣ್ಣೆ ಕೂದಲೆಳೆಯಷ್ಟು ಬೇಗ ಚಿಮ್ಮಿದರೆ ಎಂಜಿನ್ನು ಬಡಿದುಕೊಳ್ಳುತ್ತದೆ. ತಡವಾದರೆ ಬಿಳಿ ಹೊಗೆ ಕಕ್ಕಿ ಬಲಗುಂದುತ್ತದೆ. ಅದಕ್ಕಾಗಿ ಎಂಜಿನ್ನಿನ ದೊಡ್ಡ ಗಾಲಿಯ ಅಂಚಿನಲ್ಲಿ ಒಂದು ಗೆರೆ ಕೊರೆದಿರುತ್ತಾರೆ. ಗಾಲಿಯನ್ನು ತಿರುಗಿಸಿ ಗೆರೆಯನ್ನು ಎಂಜಿನ್ನಿನ ಮೈಗೆ ಕೂರಿಸಿದ ಮುಳ್ಳಿನ ನೇರಕ್ಕೆ ತಂದು ನಿಲ್ಲಿಸಬೇಕು. ಆಮೇಲೆ ಪಂಪಿನ ತಿರುಪನ್ನು ಮೆಲ್ಲಗೆ ತಿರುಗಿಸುತ್ತ, ಅದರ ಬಾಯಲ್ಲಿ ತೊಟ್ಟಿಕ್ಕುವ ಎಣ್ಣೆ ಯಾವ ಗಳಿಗೆ ನಿಲ್ಲುತ್ತದೋ ಆ ಗಳಿಗೆಯಲ್ಲಿ ಪಂಪನ್ನೂ ಎಂಜಿನ್ನನ್ನೂ ಸೇರಿಸಿ ಬಿಗಿಯಬೇಕು. ಗಾಲಿಯನ್ನು ಮಾತ್ರ ಎಂಜಿನ್ನು ಓಡುವ ದಿಕ್ಕಿನಲ್ಲೇ ತಿರುಗಿಸಿ ತರಬೇಕು. ಹಿಂದುಮುಂದಾಗಿ ತಂದರೆ ಸವೆದ ಹಲ್ಲುಚಕ್ರಗಳ ನಡುವಿನ ಸಡಿಲ ಲೆಕ್ಕಕ್ಕೆ ಸೇರಿ ಎಣ್ಣೆ ತಡವಾಗಿಬಿಡುತ್ತದೆ. ಇದು ಚನ್ನಕೇಶವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದಕ್ಕೂ ಮಾಡುವುದಕ್ಕೂ ಅವನ ಬಾಳಿನಲ್ಲಿ ಯಾವಾಗಲೂ ಒಂದು ಹೊಳೆಯಷ್ಟು ದೂರ.

ಅಡ್ಡ ಬಂದವರು ಅಕ್ಕಯ್ಯಮ್ಮ, ಮಾವನವರ ತಾಯಿ. ಎಂಬತ್ತರ ಹತ್ತಿರದ ಅಜ್ಜಿ, ಹೊಸ ಪಂಪಿಗೆ ಪೂಜೆ ಮಾಡಲು ಅರಿಶಿನ ಕುಂಕುಮ, ಊದುಕಡ್ಡಿ ಹಿಡಿದು ಬಂದರು. ಪಂಪಿಗೂ ಗಾಲಿಗೂ ಕುಂಕುಮವಿಟ್ಟರು, ಬತ್ತದ ಮೂಟೆಯೊಂದರ ಮೇಲೆ ಕೂತರು. ಚನ್ನಕೇಶವ ಗಾಲಿಯ ಅಂಚು ಹಿಡಿದು ಎಳೆಯುವಷ್ಟರಲ್ಲಿ ಕೂಗಿದರು.

"ಅಯ್ಯೋ, ಎಡಕ್ಕೆ ತಿರುಗಿಸ್ತೀಯಲ್ಲೋ! ಈಗಿನ್ನೂ ಕುಂಕುಮ ಇಟ್ಟಿದೀನಿ. ಬಲಸುತ್ತು ಬಾರೋ ಅಳೀಮಯ್ಯ."

"ಅಜ್ಜಿ, ಈ ಎಂಜಿನ್ನು ಓಡೋದೇ ಈ ಕಡೆಗೆ..."

"ಓಡೋವಾಗ ಅದರ ಇಷ್ಟ. ಕೈಯಲ್ಲಿ ಮುಟ್ಟಿ ತಿರುಗಿಸೋವಾಗ ನಮ್ಮ ಇಷ್ಟ. ಮದುವೆ ಅಕ್ಕಿ ಕಣೋ ಇದು. ಮೊದಲ ಸುತ್ತೇ ಅಪ್ರದಕ್ಷಿಣೆ ಆಗಬೇಕಾ?"

ಮಿಲ್ಲು ನೋಡಿಕೊಳ್ಳುವ ಆಳು ಬೈರಯ್ಯ ಮುಸಿಮುಸಿ ನಕ್ಕ. "ಅಜ್ಜಿ ಹೇಳಿದ್ಮೇಲೆ ಬ್ರಹ್ಮನೂ ಬಲಕ್ಕೇ ತಿರುಗ್ಬೇಕು, ಅಳೀಮಯ್ಯ."

ಚನ್ನಕೇಶವ ಒಂದು ನಿಮಿಷ ಯೋಚಿಸಿದ. ಕ್ಲಾಸಿನ ಮೇಷ್ಟ್ರು ಹೇಳಿದ್ದು ಒಂದು ಕಡೆ. ಹೆಂಡತಿಯ ಅಜ್ಜಿ, ಮದುವೆ ಬತ್ತ, ಪಕ್ಕದಲ್ಲಿ ಮೀಸೆ ತಿರುವುತ್ತ ನಿಂತ ದೊಡ್ಡಹನುಮಯ್ಯ ಇನ್ನೊಂದು ಕಡೆ. ಸಡಿಲ ಎಷ್ಟಿದ್ದೀತು, ಕೂದಲೆಳೆಯಷ್ಟು ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಗಾಲಿಯನ್ನು ಬಲಕ್ಕೆ ತಿರುಗಿಸಿ ಗೆರೆಯನ್ನು ಮುಳ್ಳಿಗೆ ತಂದ. ಆಮೇಲಿನ ಕೆಲಸವನ್ನಂತೂ ಎಷ್ಟು ಶ್ರದ್ಧೆಯಿಂದ ಮಾಡಿದನೆಂದರೆ, ತೊಟ್ಟು ನಿಂತಿತೇ ಎಂದು ಬಗ್ಗಿ ಬಗ್ಗಿ ನೋಡಿ, ಬಿಗಿದು, ಮತ್ತೆ ಸಡಿಲಿಸಿ, ಮತ್ತೆ ನೋಡಿ ಬಿಗಿದ. ಬುಡ ತಪ್ಪಿದ ಗೋಡೆಗೆ ಮೂರು ಸಲ ಸುಣ್ಣ ಹೊಡೆದ ಹಾಗೆ.

ಎಂಜಿನ್ನಿನ ಇನ್ನೊಂದು ತುದಿ ಮಿಲ್ಲಿನ ಮೂಲೆಯಲ್ಲಿತ್ತು. ಹ್ಯಾಂಡಲು ಹಾಕಿ ಸುತ್ತುವುದು ಅಲ್ಲಿಂದ. ಬೈರಯ್ಯ ಮೂಲೆಗೆ ಹೋಗಿ ಸುತ್ತಿದ. ಎಂಜಿನ್ನು ಕೆಮ್ಮಿತು. ಮತ್ತೆ ಸುತ್ತಿದ, ಮತ್ತೆ ಕೆಮ್ಮಿತು. ಕೊನೆಗೆ ಬೇಸತ್ತವರಂತೆ ಹೊರಟಿತು. ಬೈರಯ್ಯ ಎಂದಿನಂತೆ, ಎಂಜಿನ್ನಿನಿಂದ ಹಲ್ಲರಿನ ಕಡೆಗೆ ಓಡುವ ಬೆಲ್ಟಿನ ಕೆಳಗೆ ಬಗ್ಗಿ ನುಸುಳಿ ಈಚೆ ಬಂದು ಹಲ್ಲರಿನ ಲಿವರು ಎಳೆದ. ಹೊರಗೆ ಕೊಳವೆಯಿಂದ ಬಿಳಿ ಹೊಗೆ ಭುಸಭುಸನೆ ಎದ್ದು ಗಾಡಿಯ ಎತ್ತುಗಳನ್ನು ಮುಚ್ಚಿತು. ಎಂಜಿನ್ನು ಮೂರು ಸಲ ನರಳಿ ನಿಂತುಹೋಯಿತು. ರಾಗಿ ಕಲ್ಲಿರಲಿ, ಹಲ್ಲರೊಂದನ್ನೂ ಎಳೆಯಲಿಲ್ಲ. ಹಳೆಯ ಪಂಪು ಅಷ್ಟಾದರೂ ಮಾಡುತ್ತಿತ್ತು.

"ಏನ್ ನಂಜುಂಡಪ್ಪ, ಬತ್ತ ಕುಟ್ಟಿಸೋಕೆ ಬಂದ್ರೆ ಸಾಂಬ್ರಾಣಿ ಹಾಕ್ಸಿದೀಯ?" ದೊಡ್ಡಹನುಮಯ್ಯ ಕಣ್ಣೊರೆಸಿಕೊಂಡರು. "ಎತ್ತು ನೀರು ಕುಡಿಯೋವರ್ಗೂ ಕಾಯ್ತೀನಿ. ಆಮೇಲೆ ಕೆಂಗೇರಿ ಮಿಲ್ಲಿಗೆ ಹೊಡ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡ."

ನಂಜುಂಡಪ್ಪನವರು ಅಳಿಯನನ್ನು ನೋಡಿದರು. "ನಾನು ಮೇಸ್ತ್ರಿ ಕರೆಸ್ತೀನಿ ಅಂದೆ. ಹೋಗ್ಲಿ ಬಿಡಿ. ಅಳಿಯ ಅಲ್ಲ, ಮಗಳ ಗಂಡ. ಯಾರಿಗೆ ಅಂತ ಹೇಳೋದು?" ಎಂದು ಹೆಗಲ ಮೇಲಿನ ಟವಲು ಕೊಡವಿ ಹೊರಗೆ ಹೋದರು.

ಚನ್ನಕೇಶವ ಮಿಲ್ಲಿನ ಹಿಂದಿನ ಹೊಂಗೆ ಮರದ ಕೆಳಗೆ ಹೋಗಿ ಕೂತ. ತಪ್ಪು ಎಲ್ಲಿ ಆಯಿತೆಂದು ಹುಡುಕುವ ಕಷ್ಟವೂ ಅವನಿಗೆ ಇರಲಿಲ್ಲ. ತಪ್ಪು ಮಾಡುವಾಗಲೇ ಅದು ತಪ್ಪೆಂದು ಗೊತ್ತಿತ್ತು. ಲೋಕದಲ್ಲಿ ತಿಳಿಯದೆ ಕೆಡಿಸುವವರು ಇದ್ದಾರೆ, ಬೇಕೆಂದೇ ಕೆಡಿಸುವವರು ಇದ್ದಾರೆ. ತಿಳಿದೂ ತಿಳಿದೂ ಮರ್ಯಾದೆಗಾಗಿ ಕೆಡಿಸುವವನು ತಾನೊಬ್ಬನೇ ಇರಬೇಕು ಅನ್ನಿಸಿತು.

ಹೆಂಡತಿ ಪಾಪಮ್ಮ ಕಾಫಿ ತಂದಳು. "ಏನಾಯ್ತು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು. ಅಜ್ಜಿ ಬಲಕ್ಕೆ ತಿರುಗಿಸು ಅಂದ್ರು, ತಿರುಗಿಸ್ದೆ. ಎಡಕ್ಕೇ ತಿರುಗಿಸ್ಬೇಕಿತ್ತು."

"ಹಂಗಂತ ಹೇಳಿ ಮತ್ತೆ."

"ಹೇಳಿದ್ರೆ ನಿಮ್ಮಪ್ಪ ಅಜ್ಜಿ ಮೇಲೆ ಎಗರಾಡ್ತಾರೆ. ಅಜ್ಜಿ ಊಟ ಬಿಡ್ತಾರೆ. ಮದುವೆ ಮನೆಯವರ ಮುಂದೆ ಬೇಕಾ ಇದು?"

"ಹಂಗಾದ್ರೆ ಹೇಳ್ಬೇಡಿ. ಇಲ್ಲೇ ಕೂತಿರಿ. ಕೆಂಗೇರಿ ಮಿಲ್ಲಿನೋರು ನಿಮ್ಗೆ ಸನ್ಮಾನ ಮಾಡ್ತಾರೆ," ಎಂದು ಪಾಪಮ್ಮ ಲೋಟ ಕಿತ್ತುಕೊಂಡು ಹೋದಳು. ಕಾಫಿ ಇನ್ನೂ ಅರ್ಧ ಇತ್ತು.

ಅವಳು ಹೋದ ಮೇಲೆ ಚನ್ನಕೇಶವ ಕಿಟಕಿಯ ಸರಳುಗಳ ಮೂಲಕ ಒಳಗಿನ ಮೂಲೆಯನ್ನು ನೋಡುತ್ತ ಕೂತ. ಹ್ಯಾಂಡಲು ಅಲ್ಲೇ ನೇತಾಡುತ್ತಿತ್ತು. ಬೈರಯ್ಯ ಅಲ್ಲಿ ನಿಂತು ಇಷ್ಟು ವರ್ಷ ಬಲಕ್ಕೇ ಸುತ್ತಿದ್ದಾನಲ್ಲ! ಗಡಿಯಾರವನ್ನು ಮುಂದಿನಿಂದ ನೋಡಿದರೆ ಮುಳ್ಳು ಬಲಕ್ಕೆ ಸುತ್ತುತ್ತದೆ. ಬೆನ್ನಿನ ಕಡೆಯಿಂದ ನೋಡಲಾದರೆ ಅದೇ ಮುಳ್ಳು ಎಡಕ್ಕೆ. ಗಾಲಿಯ ಕಡೆ ಎಡಸುತ್ತಾಗುವುದು ಆ ಮೂಲೆಯಲ್ಲಿ ನಿಂತವರಿಗೆ ಬಲಸುತ್ತು. ಬೈರಯ್ಯ ಅಲ್ಲಿಂದ ಹ್ಯಾಂಡಲು ತಿರುಗಿಸಲಿ, ತಾನು ಇಲ್ಲಿ ಗೆರೆ ನೋಡಲಿ. ಅಜ್ಜಿಯನ್ನು ಮೂಲೆಯಲ್ಲಿ ನಿಲ್ಲಿಸಿದರೆ ಸಾಕು.

ಇದು ಬೆಳಗ್ಗೆಯೇ ಯಾಕೆ ಹೊಳೆಯಲಿಲ್ಲ? ಯಾಕೆಂದರೆ ಬೆಳಗ್ಗೆ ಅವನು ಬೈರಯ್ಯನನ್ನೂ ನಂಬದೆ ಎಲ್ಲವನ್ನೂ ತಾನೇ ಮುಟ್ಟಬೇಕೆಂದು ಕೂತಿದ್ದ. ತನ್ನ ಮೇಲೆ ನಂಬಿಕೆ ಇಲ್ಲದವನು ಬೇರೆಯವರನ್ನಾದರೂ ನಂಬಬೇಕು. ಅವನು ಎರಡನ್ನೂ ಮಾಡಿರಲಿಲ್ಲ.

ಒಳಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ. "ತಪ್ಪು ನಂದೇ. ಗೆರೆ ತಂದಿದ್ದು ಸರಿಯಾಗಿರಲಿಲ್ಲ. ಇನ್ನೊಂದು ಸಲ ಮಾಡ್ತೀನಿ. ಅಜ್ಜಿ, ನೀವು ಆ ಮೂಲೆಗೆ ಬನ್ನಿ. ಹ್ಯಾಂಡಲಿಗೂ ಕುಂಕುಮ ಇಡ್ಬೇಕು. ಬೈರಯ್ಯ ಬಲಕ್ಕೆ ತಿರುಗಿಸ್ತಾನೋ ಇಲ್ವೋ ನೀವೇ ನಿಂತು ನೋಡ್ಕೊಳ್ಳಿ."

"ಬೆಳಗ್ಗೆ ಹ್ಯಾಂಡಲ್ ಮರೆತಿದ್ದೆ ನೋಡು. ಅದಕ್ಕೇ ಮುನಿಸ್ಕೊಂಡಿದೆ," ಎಂದು ಅಕ್ಕಯ್ಯಮ್ಮ ಎದ್ದರು. ಬೈರಯ್ಯ ಅವರ ಕೈ ಹಿಡಿದು, ಸತ್ತ ಹಾವಿನಂತೆ ಜೋತುಬಿದ್ದಿದ್ದ ಬೆಲ್ಟನ್ನು ದಾಟಿಸಿ ಮೂಲೆಗೆ ಕರೆದುಕೊಂಡು ಹೋದ. ಚನ್ನಕೇಶವ ಬಿಗಿದದ್ದನ್ನೆಲ್ಲ ಸಡಿಲಿಸಿ ಗಾಲಿಯ ಹತ್ತಿರ ಮಂಡಿಯೂರಿದ.

"ತಿರುಗಿಸು ಬೈರಯ್ಯ. ಮೆಲ್ಲಗೆ."

"ಬಲಕ್ಕೇ ತಿರುಗಿಸ್ತಾ ಇದಾನೆ ಕಣೋ," ಎಂದು ಅಜ್ಜಿ ಮೂಲೆಯಿಂದ ವರದಿ ಮಾಡಿದರು. ಗಾಲಿ ಎಡಕ್ಕೆ ಸುತ್ತಿ, ಗೆರೆ ತೇಲಿಕೊಂಡು ಬಂದು ಮುಳ್ಳಿನ ಮುಂದೆ ನಿಂತಿತು. ಚನ್ನಕೇಶವ ಪಂಪಿನ ತೊಟ್ಟು ನಿಲ್ಲಿಸಿ ಬಿಗಿದ. ಈ ಸಲ ಮತ್ತೆ ಸಡಿಲಿಸಿ ನೋಡಬೇಕೆಂದು ಕೈ ತುರಿಸಿತು. ಆ ಕೈಯನ್ನು ಜೇಬಿಗೆ ಹಾಕಿಕೊಂಡ.

ಬೈರಯ್ಯ ಜೋರಾಗಿ ಸುತ್ತಿದ. ಎಂಜಿನ್ನು ಮೊದಲ ಸುತ್ತಿಗೇ ಗುಡುಗಿತು. ಅವನು ಬೆಲ್ಟಿನ ಕೆಳಗೆ ನುಸುಳಿ ಬಂದು ಹಲ್ಲರಿನ ಲಿವರು ಎಳೆದ. ಎಂಜಿನ್ನು ಜಗ್ಗಲಿಲ್ಲ. ರಾಗಿ ಕಲ್ಲಿನ ಲಿವರನ್ನೂ ಎಳೆದ. ಒಂದು ಗುಟುಕು ಉಸಿರೆಳೆದುಕೊಂಡು ಎಂಜಿನ್ನು ಎರಡನ್ನೂ ಹೊತ್ತುಕೊಂಡು ನಡೆಯಿತು. ಹೊಗೆ ಕಾಣಲೇ ಇಲ್ಲ. ಹಲ್ಲರಿನ ಬಾಯಿಂದ ಬಿಳಿ ಅಕ್ಕಿ ಸುರಿಯತೊಡಗಿತು. ದೊಡ್ಡಹನುಮಯ್ಯ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದು ತಲೆಯಾಡಿಸಿದರು.

ಆಗ ನಂಜುಂಡಪ್ಪನವರು ಸುತ್ತ ನೋಡಿ, "ಅವ್ವ ಎಲ್ಲಿ?" ಅಂದರು.

ಅವ್ವ ಮೂಲೆಯಲ್ಲಿದ್ದರು. ಎರಡು ಕಡೆ ಗೋಡೆ, ಒಂದು ಕಡೆ ಎಂಜಿನ್ನು, ಇನ್ನೊಂದು ಕಡೆ ಸೊಂಟದೆತ್ತರದಲ್ಲಿ ಪಟಪಟನೆ ಓಡುವ ಬೆಲ್ಟು. ಬೈರಯ್ಯನ ಹಾಗೆ ಬಗ್ಗಿ ನುಸುಳುವ ವಯಸ್ಸು ಅವರಿಗೆ ದಾಟಿ ಮೂವತ್ತು ವರ್ಷವಾಗಿತ್ತು.

"ನಿಲ್ಸ್ರೀ ಎಂಜಿನ್ನ!" ಎಂದು ಮಾವ ಕೂಗಿದರು.

"ಇಲ್ಲ ಮಾವ. ನಿಲ್ಸಲ್ಲ," ಎಂದ ಚನ್ನಕೇಶವ.

ಆ ಮನೆಯಲ್ಲಿ ಅವನು ಆಡಿದ ಮೊದಲ "ಇಲ್ಲ" ಅದು. ಬೈರಯ್ಯನ ಬಾಯಿ ತೆರೆದೇ ಇತ್ತು. ಮಾವ ತಾವೇ ನಿಲ್ಲಿಸಲು ಎಂಜಿನ್ನಿನ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಮೂಲೆಯಿಂದಲೇ ತೀರ್ಪು ಬಂತು. "ನಿಲ್ಸ್ಬೇಡ್ವೋ! ಮದುವೆ ಅಕ್ಕಿ, ನಡುವೆ ನಿಲ್ಲಿಸಬಾರದು. ನಂಗೆ ಇಲ್ಲೇ ಚೆನ್ನಾಗಿದೆ. ಒಂದ್ ಲೋಟ ಮಜ್ಜಿಗೆ ಕೊಡಿ ಸಾಕು." ಅವರು ಆಗಲೇ ಖಾಲಿ ಎಣ್ಣೆ ಡಬ್ಬವೊಂದನ್ನು ಬೋರಲು ಹಾಕಿ ಸೆರಗು ಹಾಸಿ ಕೂತಿದ್ದರು. ಪಾಪಮ್ಮ ಹೊರಗಿನಿಂದ ಕಿಟಕಿಯ ಸರಳಿನ ನಡುವೆ ಮಜ್ಜಿಗೆ ದಾಟಿಸಿದಳು.

ನಂಜುಂಡಪ್ಪನವರು ಅಳಿಯನ ಹತ್ತಿರ ಬಂದು ಕಿವಿಯಲ್ಲಿ ಕೇಳಿದರು. "ಅಲ್ಲ, ಅದೆಲ್ಲಿಂದ ಬಂತ್ರೀ ನಿಮ್ಗೆ ಇಷ್ಟು ಧೈರ್ಯ?"

ಸುಮ್ಮನಿದ್ದಿದ್ದರೆ ಚನ್ನಕೇಶವ ಆವತ್ತಿನಿಂದ ಗಂಡಸಾಗಿ ಉಳಿಯುತ್ತಿದ್ದ. ಆದರೆ ಸುಳ್ಳನ್ನು ಮೌನದಲ್ಲೂ ಇಟ್ಟುಕೊಳ್ಳಲು ಅವನಿಂದ ಆಗುತ್ತಿರಲಿಲ್ಲ.

"ಧೈರ್ಯ ಅಲ್ಲ ಮಾವ. ಈಗ ನಿಲ್ಸಿದ್ರೆ ಮತ್ತೆ ಹೊರಡುತ್ತೋ ಇಲ್ವೋ ನಂಗೆ ನಂಬಿಕೆ ಇಲ್ಲ."

ನಂಜುಂಡಪ್ಪನವರು ಅವನ ಮುಖವನ್ನು ನೋಡಿದರು, ಸುರಿಯುವ ಅಕ್ಕಿಯನ್ನು ನೋಡಿದರು, ಮಜ್ಜಿಗೆ ಕುಡಿಯುವ ತಾಯಿಯನ್ನು ನೋಡಿದರು. "ಇದನ್ನ ಇನ್ಯಾರ ಮುಂದೆನೂ ಹೇಳ್ಬೇಡಿ," ಎಂದು ಮೆಲ್ಲಗೆ ಹೇಳಿ ದೊಡ್ಡಹನುಮಯ್ಯನವರ ಕಡೆ ತಿರುಗಿ ಗಂಟಲು ದೊಡ್ಡದು ಮಾಡಿದರು. "ನೋಡಪ್ಪ ಹನುಮಯ್ಯ, ನಮ್ಮ ಅಳಿಯಂದ್ರು ನಿಲ್ಲಿಸಬಾರದು ಅಂದ್ಮೇಲೆ ಮುಗೀತು. ನಮ್ಮವ್ವನೇ ಅಡ್ಡ ಸಿಕ್ಕಿಕೊಂಡ್ರೂ ನಿಲ್ಲಿಸೋ ಹಾಗಿಲ್ಲ!"

"ಓದಿದೋರು ಬಿಡು," ಎಂದರು ದೊಡ್ಡಹನುಮಯ್ಯ.

ಆ ಹೊಗಳಿಕೆ ಚನ್ನಕೇಶವನ ಕಿವಿಯಿಂದ ಎದೆಗೆ ಇಳಿಯುವ ಮೊದಲೇ ಅಜ್ಜಿಯ ಧ್ವನಿ ಬಂತು. "ಅಳೀಮಯ್ಯಾ, ನಿನ್ನ ಹೊಸ ಪಂಪಿನ ಪೈಪು ಈ ಕಡೆ ನಟ್ಟಿನ ಹತ್ರ ಒದ್ದೆ ಆಗ್ತಾ ಇದೆ ಕಣೋ!"

ಅವನು ಸ್ಪ್ಯಾನರು ಬಾಯಲ್ಲಿ ಕಚ್ಚಿಕೊಂಡು, ಬೈರಯ್ಯನನ್ನು ನೋಡಿ ನೋಡಿ ಕಲಿತ ಹಾಗೆ ಬೆಲ್ಟಿನ ಕೆಳಗೆ ತೆವಳಿದ. ಅಂಗಿಯ ಬೆನ್ನು ಕಪ್ಪಾಯಿತು. ನಟ್ಟಿಗೆ ಕಾಲು ಸುತ್ತು ಸಾಕಾಯಿತು, ಒದ್ದೆ ನಿಂತಿತು. ಈಚೆ ಬರಬಹುದಿತ್ತು. ಆದರೆ ಇನ್ನೊಂದು ನಟ್ಟು ಸಡಿಲವಾಗಿದ್ದರೆ? ಅದರ ಪಕ್ಕದ್ದು? ಅವನು ಪಂಪಿನ ಮೇಲಿಂದ ಕಣ್ಣು ಕೀಳದೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ.

ಬತ್ತ ಮುಗಿಯಲು ಇನ್ನೂ ಬಹಳ ಹೊತ್ತಿತ್ತು. ಅಕ್ಕಯ್ಯಮ್ಮ ಅವನನ್ನು ಒಮ್ಮೆ ನೋಡಿ, ಎಣ್ಣೆ ಡಬ್ಬದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.