ಹೊಗೆಕೋಣೆಯ ಉಸ್ತಾದ

ಮುಚ್ಚಿದ ಬಾಗಿಲನ್ನು ಕರಬಸಪ್ಪನವರು ಅಂಗೈಯಿಂದ ತಳ್ಳಿದ್ದನ್ನು ಕಂಡವರು ಹಾವೇರಿಯಲ್ಲಿ ಯಾರೂ ಇಲ್ಲ. ಅದು ಸರ್ಕಾರಿ ಕಚೇರಿಯ ಬಾಗಿಲಾಗಿರಲಿ, ಗುಡಿಯ ಬಾಗಿಲಾಗಿರಲಿ, ಸ್ವಂತ ಮನೆಯ ಬಚ್ಚಲಿನ ತಗಡಿನ ಬಾಗಿಲೇ ಆಗಿರಲಿ, ಮೊದಲು ಬಲಗೈಯನ್ನು ಮಗುಚಿ, ಬೆರಳುಗಳ ಹಿಂಬದಿಯನ್ನು ಬಾಗಿಲಿಗೆ ಒಂದು ಗಳಿಗೆ ತಾಗಿಸಿ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ತಾಯಿಯ ಹಾಗೆ ತಲೆ ವಾರೆ ಮಾಡಿ ನಿಂತು, ಆಮೇಲೆಯೇ ಚಿಲಕಕ್ಕೆ ಕೈ ಹಾಕುವುದು. ಬಾಗಿಲಾಚೆ ಬೆಂಕಿಯಿದ್ದರೆ ಬಾಗಿಲು ಕಾದಿರುತ್ತದೆ. ಅಂಗೈ ಸುಟ್ಟುಕೊಂಡರೆ ಮುಂದೆ ಪೈಪು ಹಿಡಿಯುವುದು ಯಾವ ಕೈಯಿಂದ? ಅದರ ತರ್ಕ ಇಷ್ಟೇ. ಬಚ್ಚಲೊಲೆಗೆ ಉರಿ ಹಾಕಿ ನೀರು ಕಾಯಿಸುತ್ತ ಕೂತ ಮಡದಿ ದೇವವ್ವ ಮಾತ್ರ ಹೊರಗಿನ ಆ ಮೌನವನ್ನು ಗುರುತಿಸಿ, "ಒಳಗ ಬೆಂಕಿ ಐತ್ರಿ! ನಾನ ಹಚ್ಚೇನಿ, ಬರ್ರಿ" ಎಂದು ಕೂಗುತ್ತಿದ್ದಳು.

ಕುಳ್ಳ ದೇಹ, ಅಗಲ ಎದೆ, ಹುಬ್ಬು ಅರ್ಧಕ್ಕೇ ನಿಂತುಹೋದ ಮುಖ. ಉಳಿದರ್ಧವನ್ನು ಯಾವುದೋ ಬಣವೆಯ ಬೆಂಕಿ ತಿಂದುಕೊಂಡಿತ್ತು. ರಸ್ತೆಯ ನಡುವೆ ಎಷ್ಟೇ ಜಾಗವಿದ್ದರೂ ಎಡ ಭುಜವನ್ನು ಗೋಡೆಗೆ ತಾಗಿಸಿಕೊಂಡೇ ನಡೆಯುವರು, ಏಕೆಂದರೆ ಹೊಗೆಯಲ್ಲಿ ಕಣ್ಣು ಕೈಕೊಟ್ಟಾಗ ಮನುಷ್ಯನಿಗೆ ನಂಬಿಕೆಯಾಗಿ ಉಳಿಯುವುದು ಗೋಡೆಯೊಂದೇ. ನೌಕರಿಗೆ ಸೇರಿದಾಗ ಕೊಟ್ಟಿದ್ದ ದಪ್ಪ ಉಣ್ಣೆಯ ನೀಲಿ ಕೋಟನ್ನು, ಮೊಳಕೈಗೆ ಚರ್ಮದ ತೇಪೆ ಹಚ್ಚಿಸಿಕೊಂಡು, ಮೇ ತಿಂಗಳ ನೆತ್ತಿ ಸುಡುವ ಬಿಸಿಲಿನಲ್ಲೂ ತರಬೇತಿಯ ಹೊತ್ತಿಗೆ ತೊಟ್ಟೇ ನಿಲ್ಲುವರು. ಯಾರಾದರೂ ಕೆಣಕಿದರೆ, "ಬಿಸಿಲಿಗೆ ಅಂಜಾವ ಬೆಂಕಿಗೆ ಹೆಂಗ ಹೋಗ್ತಾನ?" ಎಂದು ಎದುರು ಪ್ರಶ್ನೆ ಸಿದ್ಧವಾಗಿರುತ್ತಿತ್ತು. ಹುದ್ದೆಯಲ್ಲಿ ಅವರು ಹಾವೇರಿ ಅಗ್ನಿಶಾಮಕ ಠಾಣೆಯ ಲೀಡಿಂಗ್ ಫೈರ್‌ಮನ್. ಆದರೆ ಹೊಸಬರಿಗೆ ಕವಾಯತು, ಏಣಿ, ಪೈಪು, ಹೊಗೆ ಎಲ್ಲವನ್ನೂ ಕಲಿಸುವ ಹೊಣೆ ಅವರದಾಗಿದ್ದರಿಂದ ಇಲಾಖೆಯ ರೂಢಿಯಂತೆ ಎಲ್ಲರ ಬಾಯಲ್ಲೂ ಉಸ್ತಾದ.

ಎಲ್ಲಿಗೇ ಹೋಗಲಿ, ಕೂರುವ ಮೊದಲು ಅವರು ಕೇಳುವ ಮಾತು ಒಂದೇ: "ಹಿಂದಿನ ಬಾಗ್ಲ ಎಲ್ಲೈತ್ರಿ?" ಸಿನಿಮಾ ಟಾಕೀಸಿನಲ್ಲೂ ಇದೇ, ಮದುವೆಯ ಪಂಕ್ತಿಯಲ್ಲೂ ಇದೇ. ತಾರುಣ್ಯದಲ್ಲಿ ರಾಣೇಬೆನ್ನೂರಿಗೆ ಹೆಣ್ಣು ನೋಡಲು ಹೋದಾಗ, ಅವಲಕ್ಕಿಯ ತಟ್ಟೆ ಕೈಗೆ ಬರುವ ಮುಂಚೆಯೇ ಎದ್ದು, ಪಡಸಾಲೆ ದಾಟಿ, ನೇರ ಅಡುಗೆಮನೆಗೆ ನುಗ್ಗಿ, ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಒಟ್ಟಿದ್ದ ಕಟ್ಟಿಗೆಯನ್ನು ಕಂಡು ಒಂದೊಂದಾಗಿ ಎತ್ತಿ ಆಚೆ ಇಡತೊಡಗಿದರಂತೆ. ಮನೆಯ ಹೆಂಗಸರು ಬೆಪ್ಪಾಗಿ ನಿಂತರೆ, ಸೆರಗಿನ ಮರೆಯಲ್ಲಿದ್ದ ಹುಡುಗಿ ಮಾತ್ರ ತಡೆಯಲಾರದೆ, "ಇವ್ರು ಹೆಣ್ಣ ನೋಡಾಕ ಬಂದಾರೋ, ಓಡಿ ಹೋಗಾಕ ಹಾದಿ ನೋಡಾಕ ಬಂದಾರೋ?" ಎಂದು ನಕ್ಕುಬಿಟ್ಟಳು. ಆ ನಗೆಗೇ ಸಂಬಂಧ ಗಟ್ಟಿಯಾಯಿತು. ದೇವವ್ವನ ಸಂಸಾರದಲ್ಲಿ ಹಿತ್ತಿಲ ಬಾಗಿಲಿಗೆ ಒಂದು ಕಸಬರಿಗೆ ಒರಗಿಸುವ ಸ್ವಾತಂತ್ರ್ಯವೂ ಆಮೇಲೆ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ, ಹೊಸ ಜಿಲ್ಲೆಗೆ ಹೊಸ ಹುಡುಗರು ನೇಮಕವಾಗಿ ಬರತೊಡಗಿದ ಕಾಲದಲ್ಲಿ ಉಸ್ತಾದರ ಪ್ರತಿಭೆಗೆ ತಕ್ಕ ರಂಗಸ್ಥಳ ಸಿಕ್ಕಿತು. ಊರಾಚೆಯ ಪಾಳುಬಿದ್ದ ಉಗ್ರಾಣದ ಒಂದು ಕೋಣೆಯನ್ನು ಬೇಡಿ ಪಡೆದು, ಕಿಟಕಿಗಳಿಗೆ ತಗಡು ಬಡಿಸಿ, ಒಳಗೆ ಮುರುಕು ಮಂಚ, ಗೋಣಿಚೀಲ, ಅಂಕುಡೊಂಕಾದ ಹಾದಿ ಹೂಡಿ ಅದಕ್ಕೆ ಹೊಗೆಕೋಣೆಯೆಂದು ಹೆಸರಿಟ್ಟರು. ಹಸಿ ಹುಲ್ಲಿನ ಹೊಗೆ ಸಾಲದು; ನಾಳೆ ಈ ಹುಡುಗರು ನುಗ್ಗಬೇಕಾದದ್ದು ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಿಗೆ. ಆದ್ದರಿಂದ ಮಾರುಕಟ್ಟೆಯಲ್ಲಿ ಹೆಂಗಸರು ಮುರಿದು ಒಗೆದ ಒಣ ತೊಟ್ಟನ್ನು ಚೀಲಗಟ್ಟಲೆ ತರಿಸಿ ಕೆಂಡದ ಮೇಲೆ ಸುರಿಸುತ್ತಿದ್ದರು. ಆ ಘಾಟಿಗೆ ರಸ್ತೆಯಾಚೆಯ ಚಹಾದಂಗಡಿಯವನು ಕೆಮ್ಮುತ್ತ ಕದ ಹಾಕುವನು. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮುಖವಾಡ ಇದ್ದರೂ, ಕಟ್ಟುವುದರಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಬ್ಯಾಡಗಿಯ ಕಾಯಿ ಕ್ಷಮಿಸುವುದಿಲ್ಲವೆಂಬುದನ್ನು ಪಾಠ ಹೇಳದೆಯೇ ಪಾಠ ಮಾಡುತ್ತಿತ್ತು ಆ ಕೋಣೆ. ಆಗಷ್ಟೇ ಠಾಣಾಧಿಕಾರಿಯಾಗಿ ಬಂದ ವಿಜಯಮಹಾಂತೇಶರು ಮೊದಲ ದಿನವೇ ಸಮವಸ್ತ್ರದ ಮಡಿಕೆ ನೋಡದೆ ಎಲ್ಲರೊಂದಿಗೆ ನೆಲದ ಮೇಲೆ ತೆವಳಿ, ಮಸಿ ಬಡಿದುಕೊಂಡು ಹೊರಬಂದು, ನಾಳೆ ಮತ್ತೆ ಬರುತ್ತೇನೆಂದರು. ಉಸ್ತಾದರು ಅಂದು ಮನೆಗೆ ಹೋಗಿ, "ಸಾಹೇಬ ಭಾಳ ಛಲೋ ಅದಾನ, ಹೊಟ್ಟಿ ಮ್ಯಾಲ ತೆವಳ್ತಾನ" ಎಂದು ಹೆಂಡತಿಗೆ ವರದಿ ಒಪ್ಪಿಸಿದರು.

ಅವರ ಬೋಧನೆಗೆ ಒಂದು ವಿಚಿತ್ರ ಪಲ್ಲವಿಯಿತ್ತು. ಪೈಪಿನ ನೀರನ್ನು ಕಾಯಿಯ ರಾಶಿಗೆ ಜೋರಾಗಿ ಹೊಡೆದರೆ ಖಾರದ ಧೂಳೆದ್ದು ಎಲ್ಲರನ್ನೂ ಕುರುಡು ಮಾಡುತ್ತದೆ, ತುಂತುರಾಗಿ ಉಣಿಸಬೇಕು. ಒಳಗೆ ಹೋಗುವುದು ಇಬ್ಬಿಬ್ಬರು, ಬರುವುದೂ ಇಬ್ಬಿಬ್ಬರು. ಕೈಯಲ್ಲಿರುವ ಪೈಪೇ ಹೊರಗಿನ ಹಾದಿ, ಅದನ್ನು ಬಿಟ್ಟವನು ಹಾದಿಯನ್ನು ಬಿಟ್ಟಂತೆ. ಹೀಗೆ ಪ್ರತಿಯೊಂದನ್ನೂ ಮಾಡಿ ತೋರಿಸಿ, "ತಿಳೀತೇನು?" ಎನ್ನುವರು. ಹುಡುಗರು ಬಾಯಿ ತೆರೆಯುವ ಮೊದಲೇ ತಾವೇ, "ತಿಳಿದಿಲ್ಲ. ಇನ್ನೊಮ್ಮೆ ಮಾಡ್ರಿ" ಎನ್ನುವರು. ಅವರ ಕೈಕೆಳಗೆ ಕಲಿತ ಯಾರಿಗೂ, ತಿಳಿಯಿತೆಂಬ ಪ್ರಮಾಣಪತ್ರ ಅವರ ಬಾಯಿಂದ ಸಿಕ್ಕಿದ್ದಿಲ್ಲ.

ಆ ವರ್ಷದ ತಂಡದಲ್ಲಿ ಸಲಾವುದ್ದೀನನೆಂಬ ಯುವಕನಿದ್ದ. ಬ್ಯಾಡಗಿ ಮಾರುಕಟ್ಟೆಯ ಹಮಾಲ ದಾದಾಪೀರನ ಮಗ. ತಂದೆ ತೀರಿದ ಮೇಲೆ ತಾನೂ ಕೆಲಕಾಲ ಚೀಲ ಹೊತ್ತು, ಓದಿ, ಪರೀಕ್ಷೆ ಪಾಸು ಮಾಡಿ ಬಂದವನು. ಏಣಿಯ ಮೇಲೆ ಸಲೀಸು, ಕವಾಯತಿನಲ್ಲಿ ಅಚ್ಚುಕಟ್ಟು, ಉಸ್ತಾದರು ಕಣ್ಣು ಹೊರಳಿಸಿದರೆ ಸಾಕು, ಕೆಲಸ ಮುಗಿದಿರುತ್ತಿತ್ತು. ಇಂಥವನು ಎಡವಿದ್ದು ಕಟ್ಟಕಡೆಯ ಅಭ್ಯಾಸದಲ್ಲಿ. ಆ ಅಭ್ಯಾಸದಲ್ಲಿ ಹೊಗೆಕೋಣೆಯ ಮೂಲೆಯಲ್ಲಿ ಗಾಯಗೊಂಡವನಂತೆ ಸ್ವತಃ ಉಸ್ತಾದರೇ ಬಿದ್ದುಕೊಳ್ಳುತ್ತಿದ್ದರು. ಜೋಡಿಯಾಗಿ ತೆವಳಿ ಬಂದವರು ಹುಡುಕಿ ಹೊರಗೆಳೆಯಬೇಕು. ಸಲಾವುದ್ದೀನ ಅವರನ್ನು ಬೇಗನೆ ಹುಡುಕಿದ. ತೋಳಿಗೆ ಕೈ ಹಾಕಿದ. ಆಗ ಕತ್ತಲಿನಿಂದ ಆ ಪರಿಚಿತ ಗರ್ಜನೆ ಕೇಳಿತು: "ನನ್ನ ಬಿಡೋ! ಲಗೂನ ಹೊರಗ ಹೋಗು, ಹೋಗು ಅಂದ್ನೆಲ್ಲ!"

ಉಸ್ತಾದರ ಅಪ್ಪಣೆ! ಸಲಾವುದ್ದೀನ ಜೋಡಿಯವನನ್ನೂ ಎಳೆದುಕೊಂಡು ಹೊರಬಂದು, ಬಾಗಿಲ ಬಳಿ ಎದೆ ಸೆಟೆಸಿ ನಿಂತು, ಆಜ್ಞೆ ಪಾಲಿಸಿದವನ ಸಮಾಧಾನದಿಂದ ಸಲಾಮು ಹೊಡೆದ. ಹಿಂದಿನಿಂದ ಮಸಿ ಮೆತ್ತಿದ ಉಸ್ತಾದರು ತೆವಳಿಕೊಂಡು ಬಂದರು. ಬೈಯಲಿಲ್ಲ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು. "ಒಳಗ ಬಿದ್ದಾವ ಉಸ್ತಾದ ಅಲ್ಲೋ ತಮ್ಮಾ. ಅವ ಬರೇ ಬಿದ್ದಾವ. ಹೊಗಿ ಕುಡದಾವ ಖರೇ ಮಾತಾಡಂಗಿಲ್ಲ. ಛಲೋ ಮನಶ್ಯಾ ಇದ್ರಂತೂ ಇನ್ನೂ ಸುಳ್ಳ ಹೇಳ್ತಾನ, ನಾ ಆರಾಮ ಅದೇನಿ ನೀ ಹೋಗು ಅಂತ. ಎಳ್ಯಾಕ ಆಗ್ತೈತೋ ಇಲ್ಲೋ ಅನ್ನೂದು ನಿಂತಾವನ ತೀರ್ಮಾನ. ಬಿದ್ದಾವನ ಮಾತ ಕೇಳಬಾರದು. ತಿಳೀತೇನು? ತಿಳಿದಿಲ್ಲ." ಬೆಂಕಿಯ ಒಳಗೆ ಹೋಗಲು ಯೋಗ್ಯನೆಂದು ಬರೆದು ಸಹಿ ಹಾಕಬೇಕಾದಲ್ಲಿ ಅವನಿಗೆ ಸಹಿ ಹಾಕಲಿಲ್ಲ. ಜೊತೆಯವರೆಲ್ಲ ಪೈಪು ಹಿಡಿದರೆ ಸಲಾವುದ್ದೀನ ವಾಹನದ ಪಂಪಿನ ಪಕ್ಕ ನಿಲ್ಲುವವನಾದ. ಪಂಪಿನ ಕೆಲಸ ಕೀಳಲ್ಲ, ಆದರೂ ಆ ಹುಡುಗನ ಮುಖ ಬಾಡಿಹೋಯಿತು.

ಸುದ್ದಿ ಕೇಳಿ ತಾಯಿ ಅಕ್ಬರಬಿ ಬ್ಯಾಡಗಿಯಿಂದ ಬಸ್ಸು ಹತ್ತಿ ಠಾಣೆಗೆ ಬಂದಳು. "ನನ್ನ ಮಗಾ ಏನ್ ತಪ್ಪ ಮಾಡ್ಯಾನ್ರಿ ಉಸ್ತಾದ್ರ? ಎದುರ ಮಾತಾಡಿದ್ನೇನು?"

"ಕುಂದ್ರವ್ವ, ಚಹಾ ಕುಡಿ. ಎದುರ ಮಾತಾಡಿಲ್ಲ. ಹೇಳಿದ್ದ ಹೇಳಿದಂಗ ಕೇಳ್ತಾನ ನಿನ್ನ ಮಗ. ಅದ ತ್ರಾಸ ಆಗೇತಿ ನೋಡು."

ಅಕ್ಬರಬಿಗೆ ಈ ಉತ್ತರದ ತಲೆಬುಡ ತಿಳಿಯಲಿಲ್ಲ. ಹಿರಿಯರ ಮಾತು ಮೀರಬೇಡವೆಂದು ಹೊಡೆದು ಬಡಿದು ಬೆಳೆಸಿದ ತಾಯಿಗೆ ಹೇಗೆ ತಿಳಿಯಬೇಕು? ಆಕೆ ಚಹಾ ಮುಟ್ಟದೆ ಎದ್ದುಹೋದದ್ದು ಕರಬಸಪ್ಪನವರನ್ನು ಬಹಳ ಕಾಡಿತು. ಮರುದಿನದಿಂದ ಪಾಳಿ ಮುಗಿದ ಮೇಲೆ ಸಲಾವುದ್ದೀನನೊಬ್ಬನಿಗಾಗಿಯೇ ಹೊಗೆ ಹಾಕಿ, ತಾವೇ ಬಿದ್ದುಕೊಂಡು, ಅರಚಿ, ಬೈದು, ಅಲ್ಲಾನ ಆಣೆ, ಬಸವಣ್ಣನ ಆಣೆ ಹಾಕಿ ಅವನನ್ನು ಹೊರಗೆ ಕಳಿಸಲು ನೋಡಿದರು. ಅವನು ಒಮ್ಮೆಯೂ ಬಿಟ್ಟುಹೋಗಲಿಲ್ಲ, ಎಳೆದೇ ತಂದ. ಕೊನೆಗೆ ಸಹಿಯೇನೋ ಬಿತ್ತು. ಆದರೆ ಪರೀಕ್ಷೆಯೆಂದು ಗೊತ್ತಿದ್ದಾಗ ಯಾರಾದರೂ ಗಟ್ಟಿಗರೇ. ಖರೇ ಬೆಂಕಿಯಲ್ಲಿ ಅಪ್ಪಣೆ ಕೇಳಿಸಿದರೆ ಇವನ ಕಾಲು ತಾನಾಗಿ ಹೊರಗೆ ತಿರುಗೀತೇ ಎಂಬ ಅಳುಕು ಉಸ್ತಾದರ ಎದೆಯಲ್ಲಿ ಉಳಿದೇ ಇತ್ತು. ಆ ಅಳುಕಿನ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸಬಾರದೆಂದು, ಅವನ ಜೋಡಿಯಾಗಿ ತಮ್ಮ ಹೆಸರನ್ನೇ ಬರೆಸಿದರು.

ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದ ಒಂದು ಮಧ್ಯಾಹ್ನ ಬ್ಯಾಡಗಿಯ ಖಾಸಗಿ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಸ್ಥಳೀಯ ವಾಹನ ಸಾಲದೆ ಹಾವೇರಿ, ರಾಣೇಬೆನ್ನೂರುಗಳಿಂದಲೂ ಗಂಟೆ ಬಾರಿಸುತ್ತ ಗಾಡಿಗಳು ಓಡಿದವು. ಇಡೀ ಓಣಿ ಕೆಮ್ಮುತ್ತಿತ್ತು. ಉಂಡು ಚೀಲಗಳ ಹಿಂದೆ ಅಡ್ಡಾಗಿದ್ದ ಗೋಣೆಪ್ಪನೆಂಬ ಹಮಾಲ ಹೊರಬಂದದ್ದನ್ನು ಯಾರೂ ಕಂಡಿಲ್ಲವೆಂದು ಕೂಗು ಎದ್ದಿತು. ಕರಬಸಪ್ಪನವರು ಬಾಗಿಲಿಗೆ ಬೆರಳ ಹಿಂಬದಿ ತಾಗಿಸಿದರು, ಸಲಾವುದ್ದೀನನ ಕಡೆ ನೋಡಿದರು. ಮುಖವಾಡ ಬಿಗಿದುಕೊಂಡು ಇಬ್ಬರೂ ತುಂತುರು ಹಾಯಿಸುತ್ತ ಒಳಹೊಕ್ಕರು.

ಗೋಣೆಪ್ಪ ಒಳಗಿರಲಿಲ್ಲ, ಹಿಂದಿನ ಬಾಗಿಲಿನಿಂದ ಆಗಲೇ ಪಾರಾಗಿ ಬಾವಿಯ ಕಟ್ಟೆಯ ಮೇಲೆ ಕೂತು ಕಣ್ಣು ತೊಳೆದುಕೊಳ್ಳುತ್ತಿದ್ದನೆಂಬುದು ಆಮೇಲೆ ತಿಳಿಯಿತು. ಮೂಲೆಯನ್ನು ತಡಕಾಡಿ ಉಸ್ತಾದರು ಹಿಂದಿರುಗುವಾಗ, ಬುಡ ಸುಟ್ಟ ಚೀಲಗಳ ಒಟ್ಟಿಲು ಸರ್ರನೆ ಜಾರಿ ಅವರ ಮೇಲೆ ಕುಸಿಯಿತು. ಎರಡೂ ಕಾಲು ಅಡಿಯಲ್ಲಿ, ಮುಖವಾಡ ಸರಿದುಹೋಯಿತು. ಒಂದೇ ಉಸಿರಿಗೆ ಗಂಟಲೆಲ್ಲ ಕೆಂಡ. ಮೇಲೆ ಇನ್ನಷ್ಟು ಚೀಲಗಳು ಓಲಾಡುವ ಸದ್ದು ಅವರಿಗೆ ಕೇಳುತ್ತಿತ್ತು. ಆ ಕ್ಷಣ ಅವರ ಕಣ್ಣ ಮುಂದೆ ಬಂದದ್ದು ಚಹಾ ಮುಟ್ಟದೆ ಎದ್ದುಹೋದ ಅಕ್ಬರಬಿ. ಈ ಸಲ ಪಾಠವಿಲ್ಲ, ಪರೀಕ್ಷೆಯಿಲ್ಲ, ಮನಃಪೂರ್ವಕವಾಗಿ, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದರು: "ಸಲಾವುದ್ದೀನಾ, ಹೋಗೋ! ಇದು ಆಟ ಅಲ್ಲ, ಖರೇನ ಹೇಳಾಕತ್ತೇನಿ. ನಿಮ್ಮವ್ವ ಕಾಯಾಕತ್ತಾಳ, ನನ್ನ ಬಿಟ್ಟ ಹೋಗು!"

ಹೊಗೆಯೊಳಗಿಂದ ಎರಡು ಕೈಗಳು ಬಂದವು. ಮೊದಲು ಅವರ ಮುಖವಾಡವನ್ನು ನೆಟ್ಟಗೆ ಕೂರಿಸಿ ಬಿಗಿದವು. ಆಮೇಲೆ, ಹಮಾಲರು ಮಾತ್ರ ಬಲ್ಲ ರೀತಿಯಲ್ಲಿ, ಚೀಲದ ಎರಡೂ ಕಿವಿ ಹಿಡಿದು, ಮೊಳಕಾಲು ಕೊಟ್ಟು, ಒಂದೊಂದನ್ನೇ ಹೊರಳಿಸತೊಡಗಿದವು. ಉಸ್ತಾದರು ಬೈದರು, ಮುಷ್ಟಿಯಿಂದ ಗುದ್ದಿದರು. ಗುದ್ದಿಸಿಕೊಂಡವನು ಕಿವುಡನಾಗಿದ್ದ. ಕಾಲು ಬಿಡುಗಡೆಯಾದದ್ದೇ, ಕೋಟಿನ ಕೊರಳಪಟ್ಟಿಗೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಪೈಪನ್ನು ತಡಕುತ್ತ, ಆ ಭಾರವನ್ನು ನೆಲದ ಮೇಲೆ ಬೆಳಕಿನ ಕಡೆಗೆ ಎಳೆದುಕೊಂಡು ಬಂದ.

ಹೊರಗೆ ವಿಜಯಮಹಾಂತೇಶರು ಓಡಿಬಂದು, "ಏನಾತ್ರಿ ಉಸ್ತಾದ್ರ?" ಎಂದರು.

"ಮಾತ ಕೇಳಲಿಲ್ಲರಿ ಸಾಹೇಬ್ರ! ಎಷ್ಟ ಬಡಕೊಂಡ್ರೂ ನನ್ನ ಮಾತ ಕೇಳಲಿಲ್ಲ ಈ ಮಗಾ!"

ದೂರೆಂದು ಭಾವಿಸಿ ಸಲಾವುದ್ದೀನ ಕಣ್ಣು ತುಂಬಿಕೊಂಡು ನಿಂತಿದ್ದ. ಮಸಿಯ ನಡುವೆ ಹಲ್ಲು ಬೆಳ್ಳಗೆ ಹೊಳೆಯುವಂತೆ ನಗುತ್ತಿದ್ದ ಕರಬಸಪ್ಪನವರು ಅವನನ್ನು ಹತ್ತಿರ ಕರೆದು, ಬೆರಳುಗಳ ಹಿಂಬದಿಯನ್ನು ಅವನ ಕೆನ್ನೆಗೆ ತಾಗಿಸಿದರು. ಆಮೇಲೆ, ಇಷ್ಟು ವರ್ಷ ಯಾರ ಭಾಗ್ಯಕ್ಕೂ ಬಾರದ ಮಾತನ್ನು ಆಡಿದರು. "ತಿಳೀತು."

ಅವರ ಎಡಗಾಲು ಮತ್ತೆ ಪೂರ್ತಿ ನೆಟ್ಟಗಾಗಲಿಲ್ಲ. ಗೋಡೆಯ ಆಸರೆಯ ನಡಿಗೆಗೆ ಕುಂಟೂ ಸೇರಿತು. ಆಸ್ಪತ್ರೆಯ ಡಾಕ್ಟರಿಗೆ, ಚಹಾದಂಗಡಿಯವನಿಗೆ, ನೋಡಲು ಬಂದ ನಮ್ಮಂಥವರಿಗೆಲ್ಲ ಅವರು ಹೇಳಿಕೊಂಡು ಬೀಗಿದ್ದು ಆ ಒಂದೇ ಮಾತು: ಹುಡುಗ ನನ್ನ ಮಾತು ಕೇಳಲಿಲ್ಲ. ಅಕ್ಬರಬಿಯೂ ಬಂದಳು, ಈ ಸಲ ದೇವವ್ವ ಮಾಡಿಕೊಟ್ಟ ಚಹಾವನ್ನು ಪೂರ್ತಿ ಕುಡಿದು, "ಹಿಂಗ ಕಲಸೂದಿದ್ರ ಮೊದಲ ಹೇಳಬಾರದೇನ್ರಿ?" ಎಂದು ಗದರಿಸಿ ಹೋದಳು. ತಮ್ಮ ಮಾತು ಶಿಷ್ಯನ ಬಾಯಲ್ಲಿ ಚಿರಕಾಲ ಉಳಿಯಲೆಂದು ಹಂಬಲಿಸುವ ಗುರುಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ, ಅವರಿಗೆ ಶಾಲು ಹೊದಿಸಿದ್ದೇವೆ. ಆದರೆ ತನ್ನ ಮಾತನ್ನೇ ಮೀರಬಲ್ಲವನನ್ನು ತಾನೇ ಕೈಯಾರೆ ತಯಾರು ಮಾಡಿ, ಅವನು ಮೀರಿದ ದಿನ ಬೂದಿಯಲ್ಲಿ ಬಿದ್ದುಕೊಂಡು ಹಬ್ಬ ಮಾಡುವ ಜಾತಿಯ ಗುರುಗಳೂ ಇದ್ದಾರೆ. ಅವರಿಗೆ ಶಾಲು ಬೇಕಿಲ್ಲ. ಹಿಂದಿನ ಬಾಗಿಲೊಂದು ತೆರೆದಿದ್ದರೆ ಸಾಕು.