ಎಂಬತ್ತೆರಡನೆಯ ಸಾಲು

ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡಲು ಯಾರಿಗೂ ದೊಡ್ಡ ಕಾರಣ ಬೇಕಾಗುವುದಿಲ್ಲ. ಆದರೆ ಬೋರ್ಡು ಬರೆಯುವವನಿಗೆ ಒಂದಲ್ಲ, ನೂರು ಕಾರಣಗಳು ಸಿಕ್ಕವು, ಅದೂ ಕ್ರಮಸಂಖ್ಯೆಯ ಸಮೇತ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಆ ನೂರನ್ನೂ ಅವನೇ ಏಣಿ ಹತ್ತಿ, ಕುತ್ತಿಗೆ ನೋಯಿಸಿಕೊಂಡು, ಗೋಡೆಯ ಮೇಲೆ ಬರೆಯಬೇಕಾಯಿತು.

ಅವನ ಹೆಂಡತಿಯ ತಂಗಿಯನ್ನು ಮದುವೆಯಾದವನು ಹಾಸಿಗೆ ಅಂಗಡಿಯವನು. ಜನರ ನಿದ್ದೆಯಿಂದ ಹೊಟ್ಟೆ ಹೊರೆಯುವ ಈ ಮನುಷ್ಯನಿಗೆ ತಾನು ಮಾತ್ರ ಒಂದು ಗಳಿಗೆ ಸುಮ್ಮನಿರಲು ಬಾರದು. ನಲವತ್ತೈದು ತುಂಬಿದ ದಿನ ಏನು ಹೊಳೆಯಿತೋ, ಸಾಯುವುದರೊಳಗೆ ಮಾಡಬೇಕಾದ ನೂರು ಕೆಲಸಗಳ ಪಟ್ಟಿ ಮಾಡಿದ. ಮಾಡಿ, ಎಲ್ಲರಂತೆ ಬೀರುವಿನಲ್ಲಿ ಇಟ್ಟುಕೊಂಡನೇ? ಇಲ್ಲ. ಅಂಗಡಿಯ ಪಕ್ಕದ ಗೋಡೆಯ ಮೇಲೆ, ಬಸ್ ನಿಲ್ದಾಣಕ್ಕೆ ಎದುರಾಗಿ, ಆಳೆತ್ತರಕ್ಕೂ ಮೀರಿ ಬರೆಸಬೇಕೆಂದು ಹಟ ಹಿಡಿದ.

“ಮನಸ್ಸಲ್ಲಿ ಇಟ್ಕೊಂಡ್ರೆ ಮನಸ್ಸು ಮೋಸ ಮಾಡುತ್ತೆ ಅಣ್ಣ,” ಎಂದ, ಕಾಗದವನ್ನು ಬೋರ್ಡಿನವನ ಕೈಗೆ ಕೊಡುತ್ತ. “ಗೋಡೆ ಮೇಲೆ ಬರೆದ್ರೆ ಜನ ಬಿಡಲ್ಲ. ಏನಾಯ್ತು, ಏನಾಯ್ತು ಅಂತ ಕೇಳ್ತಾನೇ ಇರ್ತಾರೆ. ಆಗ ಮಾಡ್ಲೇಬೇಕಾಗುತ್ತೆ.”

“ಮಾಡದೆ ಹೋದ್ರೆ ನಗ್ತಾರೆ,” ಎಂದ ಬೋರ್ಡಿನವನು.

“ನಗಲಿ ಬಿಡು. ನಕ್ಕವರೂ ಹಾಸಿಗೆ ಮೇಲೇ ತಾನೇ ಮಲಗೋದು?”

ಬೋರ್ಡಿನವನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷಗಳಿಂದ ಅವನು ಬರೆದದ್ದೆಲ್ಲ ಬೇರೆಯವರ ಮಾತು. ‘ಇಲ್ಲಿ ವಾಹನ ನಿಲ್ಲಿಸಬಾರದು’, ‘ಹಲ್ಲಿನ ಡಾಕ್ಟರು ಮೊದಲನೇ ಮಹಡಿ’, ‘ಅಂಗಡಿ ಬಾಡಿಗೆಗೆ ಇದೆ’. ತನಗೆ ಬೇಕಾದದ್ದನ್ನು ಹೀಗೆ ರಸ್ತೆಗೆ ಕಾಣುವಂತೆ ಬರೆಯಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಒಂದು ಗೆರೆ ನೆಟ್ಟಗೆ ಎಳೆಯಲು ಬಾರದ ಈ ಮಹಾರಾಯನಿಗೆ ಹೊಳೆಯಿತು.

ಬೋರ್ಡಿನವನಿಗೂ ಒಂದು ಆಸೆ ಇತ್ತು. ನೂರಲ್ಲ, ಒಂದೇ ಒಂದು. ಮದುವೆಯಾದ ಹೊಸತರಲ್ಲಿ ಹೆಂಡತಿ, “ನನ್ನದೊಂದು ಚಿತ್ರ ಬರೀರಿ,” ಎಂದು ಕೇಳಿದ್ದಳು. “ಬರೀತೀನಿ, ಕೈ ಇನ್ನೂ ಸ್ವಲ್ಪ ಪಳಗಲಿ,” ಎಂದಿದ್ದ. ಅಕ್ಷರಕ್ಕೆ ಪಳಗಿದ ಕೈ ಮುಖಕ್ಕೆ ಹೆದರುತ್ತಿತ್ತು. ಬೋರ್ಡಿನ ಅಳತೆ ಗೀಚಿದ ಕಾಗದಗಳ ಹಿಂಬದಿಯಲ್ಲಿ ಕದ್ದುಮುಚ್ಚಿ ಅವಳ ಕಿವಿ ಬರೆದ, ಗದ್ದ ಬರೆದ, ಕನ್ನಡಕ ಒರೆಸುವ ಬೆರಳುಗಳನ್ನು ಬರೆದ. ಪೂರ್ತಿ ಮುಖವನ್ನು ಮಾತ್ರ ಒಮ್ಮೆಯೂ ಬರೆಯಲಿಲ್ಲ. ಬಣ್ಣದ ಪೆಟ್ಟಿಗೆಯ ತಳದಲ್ಲಿ ಅವಳು ಹೀಗೆ ಚೂರುಚೂರಾಗಿ ಇಪ್ಪತ್ತೆರಡು ವರ್ಷಗಳಿಂದ ಬಿದ್ದುಕೊಂಡಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ. ಎರಡನೆಯ ಸಲ ಅವಳು ಕೇಳಲೂ ಇಲ್ಲ.

ಅವನ ಕೆಲಸಕ್ಕೊಂದು ಕ್ರಮವಿತ್ತು. ನೀಲಿ ಪುಡಿ ಸವರಿದ ದಾರವನ್ನು ಗೋಡೆಯ ಈ ತುದಿಯಿಂದ ಆ ತುದಿಗೆ ಬಿಗಿದು, ನಡುವೆ ಹಿಡಿದೆಳೆದು ಟಪ್ಪೆಂದು ಬಿಟ್ಟರೆ ಗೆರೆ ಬೀಳುತ್ತದೆ. ಹಾಗೆ ಗೋಡೆಯನ್ನು ಐದು ಅಂಕಣ ಮಾಡಿದ, ಒಂದೊಂದರಲ್ಲಿ ಇಪ್ಪತ್ತು ಗೆರೆ. ಒಂದು ಬಣ್ಣದ ಕೆಲಸ ಪೂರ್ತಿ ಮುಗಿಯದೆ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆಯುವವನಲ್ಲ ಅವನು. ಆದ್ದರಿಂದ ಮೊದಲ ದಿನವೇ ಒಂದರಿಂದ ನೂರರವರೆಗಿನ ಅಂಕಿಗಳನ್ನೆಲ್ಲ ಕೆಂಪಿನಲ್ಲಿ ಬರೆದು ಒಣಗಲು ಬಿಟ್ಟ. ಮಾತುಗಳನ್ನು ಮರುದಿನದಿಂದ ಕಪ್ಪಿನಲ್ಲಿ ತುಂಬತೊಡಗಿದ.

ಬರೆಯುತ್ತ ಹೋದಂತೆ ಹೊಟ್ಟೆಯುರಿ ಹೆಚ್ಚಿತು. ಪಟ್ಟಿ ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಚೆನ್ನಾಗಿತ್ತು, ಅದೇ ಕಷ್ಟ. ಐದು: ಸಮುದ್ರದ ದಡದಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡುವುದು. ಹತ್ತೊಂಬತ್ತು: ಶಾಲೆಯಲ್ಲಿ ಹೊಡೆದಾಡಿದ ಗೆಳೆಯನನ್ನು ಹುಡುಕಿ ಕ್ಷಮೆ ಕೇಳುವುದು. ಮೂವತ್ತೇಳು: ಈಜು ಕಲಿಯುವುದು. ನಲವತ್ತು: ಹೆಂಡತಿಯ ಮಾತು ಮುಗಿಯುವ ಮುಂಚೆ ಬಾಯಿ ಹಾಕದಿರುವುದು. ಬಸ್ಸಿಗೆ ಕಾಯುವವರು ಬಾಯಿ ಬಿಟ್ಟುಕೊಂಡು ಓದುತ್ತಿದ್ದರು. “ಎಂಥಾ ಮನುಷ್ಯ ನೋಡ್ರಿ,” ಎನ್ನುತ್ತಿದ್ದರು. ಏಣಿಯ ಮೇಲಿದ್ದವನ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕನೆಯ ದಿನ ಐದನೆಯ ಅಂಕಣಕ್ಕೆ ಬಂದ. ಎಂಬತ್ತೆರಡಕ್ಕೆ ಬಂದವನು ಕುಂಚ ಎತ್ತಿ ನಿಂತುಬಿಟ್ಟ. ಕಾಗದದಲ್ಲಿ ಇದ್ದದ್ದು: ಈಜು ಕಲಿಯುವುದು. ಮೂವತ್ತೇಳರಲ್ಲಿ ಬರೆದದ್ದನ್ನೇ ಮಹಾರಾಯ ಮರೆತು ಮತ್ತೆ ಬರೆದಿದ್ದ. ಫೋನು ಮಾಡಿದರೆ ಹತ್ತಲಿಲ್ಲ. ಅವನಾಗಲೇ ಐದನೆಯ ನಂಬರನ್ನು ಪೂರೈಸಲು ಹೆಂಡತಿಯ ಜೊತೆ ಸಮುದ್ರಕ್ಕೆ ಹೋಗಿದ್ದ.

ಕೆಂಪು ಎಂಬತ್ತೆರಡು ಒಣಗಿ ಕೂತಿತ್ತು, ಮುಂದೆ ಬರೀ ಬಿಳಿ ಗೋಡೆ. ಎರಡು ದಿನ ಬಿಟ್ಟಿದ್ದರೆ ಏನೂ ಮುಳುಗಿಹೋಗುತ್ತಿರಲಿಲ್ಲ. ಆದರೆ ಬೋರ್ಡು ಬರೆಯುವವರ ಕಣ್ಣಿಗೆ ಖಾಲಿ ಗೆರೆ ಬಿದ್ದ ಹಲ್ಲಿನ ಹಾಗೆ ಕಾಣುತ್ತದೆ. ಅದರ ಮೇಲೆ ನಾಲ್ಕು ದಿನದ ಹೊಟ್ಟೆಕಿಚ್ಚು ಬೇರೆ. ‘ಈ ಗೋಡೆಯ ಮೇಲೆ ಇವನಿಂದ ಆಗದ್ದು ಒಂದಾದರೂ ಇರಲಿ,’ ಎಂದುಕೊಂಡ. ‘ತೊಂಬತ್ತೊಂಬತ್ತಕ್ಕೇ ನಿಂತು ಸಾಯುವವರೆಗೂ ಇದನ್ನು ನೋಡಿಕೊಂಡಿರಲಿ.’ ಹಾಗೆಂದುಕೊಂಡು ಬರೆದ: ನನ್ನ ಹೆಂಡತಿಯ ಚಿತ್ರವನ್ನು ನನ್ನ ಕೈಯಾರೆ ಬರೆಯುವುದು.

ಬರೆದದ್ದು ಕಿಚ್ಚಿನಿಂದಲೇ. ಆದರೆ ಉಳಿದ ಒಂದೊಂದು ಸಾಲಿಗೆ ತೆಗೆದುಕೊಂಡಷ್ಟೇ ಹೊತ್ತನ್ನು ಇದಕ್ಕೂ ತೆಗೆದುಕೊಂಡ ಎಂದರೆ ಸುಳ್ಳಾಗುತ್ತದೆ. ಸಣ್ಣ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದು ತಿರುವನ್ನೂ ಎರಡೆರಡು ಸಲ ತಿದ್ದಿದ.

ಸಮುದ್ರದಿಂದ ಮೂಗು ಸುಟ್ಟುಕೊಂಡು ಬಂದ ಹಾಸಿಗೆಯವನು ಗೋಡೆಯನ್ನು ಮೇಲಿನಿಂದ ಕೆಳಗೆ ಓದಿದ. ಎಂಬತ್ತೆರಡರ ಹತ್ತಿರ ತಲೆ ಕೆರೆದುಕೊಂಡ.

“ಅಣ್ಣ, ಇದು ನಾನೇ ಬರೆದಿದ್ದಾ?”

ಬೋರ್ಡಿನವನು ಕುಂಚ ಒರೆಸತೊಡಗಿದ. “ಇನ್ಯಾರು ಬರೀತಾರೆ? ನಿನ್ನ ಪಟ್ಟಿ, ನಿನ್ನ ಹೆಂಡತಿ.”

“ಭಲೇ! ಒಳ್ಳೇದೇ ಬರೆದಿದೀನಿ ಹಾಗಾದ್ರೆ!” ಎಂದು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ನೋಡಿದ, ಕೈ ಎಟುಕಲಿಲ್ಲ.

ಬೋರ್ಡಿನವನ ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಜನರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಅಕ್ಷರಗಳನ್ನು ಓದಿಸಿ, ಯಾವ ಗಾಜು ಬೇಕೆಂದು ಹೇಳುವುದು. ಎಂಟೂವರೆಯ ಬಸ್ಸನ್ನು ಅವಳು ಹತ್ತುತ್ತಿದ್ದದ್ದು ಅದೇ ನಿಲ್ದಾಣದಲ್ಲಿ. ಒಂದು ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು:

“ಓದಿದೆ, ನಿಮ್ಮ ಷಡ್ಡಕರ ಪಟ್ಟಿ. ಎಂಬತ್ತೆರಡು ನೋಡಿದ್ರಾ?”

“ನಾನೇ ಬರೆದಿದ್ದಲ್ವಾ, ನೋಡದೆ ಏನು?”

“ಬರೆಯೋದು ಬೇರೆ, ನೋಡೋದು ಬೇರೆ.” ಅವಳು ಚೀಲವನ್ನು ಮೇಜಿನ ಮೇಲಿಟ್ಟಳು. “ಅವರಿಗೆ ಕುಂಚ ಹಿಡಿಯೋಕೂ ಬರಲ್ಲ. ಆದ್ರೂ ಹೆಂಡತಿ ಚಿತ್ರ ಬರೀಬೇಕು ಅಂತ ಊರಿಗೆಲ್ಲ ಕಾಣೋ ಹಾಗೆ ಹೇಳ್ಕೊಂಡಿದಾರೆ. ನನ್ನ ತಂಗಿ ಪುಣ್ಯ ಮಾಡಿದ್ಲು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಅದು ಹೇಗಿರುತ್ತದೆಂದು ಬೋರ್ಡಿನವನಿಗಿಂತ ಚೆನ್ನಾಗಿ ಬಲ್ಲವರಾರು? ತನ್ನದೇ ಮಾತು, ತನ್ನದೇ ಅಕ್ಷರ, ಅವಳಿಗಾಗಿಯೇ ಇದ್ದದ್ದು. ಅದನ್ನು ಓದಿ ಅವಳು ತಂಗಿಯ ಮೇಲೆ ಕರುಬುತ್ತಿದ್ದಳು. ಹೇಳಿಬಿಡಲು ಬಾಯಿ ತೆರೆದ. ಹೇಳಿದರೆ ಷಡ್ಡಕನ ಗೋಡೆಗೆ ಕಿಚ್ಚಿನಿಂದ ಕೈಹಾಕಿದ್ದನ್ನೂ ಹೇಳಬೇಕಲ್ಲ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ‘ಎಲ್ಲಿ ಬರೆಯುತ್ತಾನೆ, ಅವನ ಮುಖ,’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಲ್ಲೇ ಅವನು ಎಡವಿದ್ದು. ಬಾರದ ಕೆಲಸವನ್ನು ಬಾರದೆಯೇ ಮಾಡಿ ಮುಗಿಸುವವರು ಲೋಕದಲ್ಲಿದ್ದಾರೆಂಬುದು ಕೆಲಸ ಬಲ್ಲವರಿಗೆ ಹೊಳೆಯುವುದೇ ಇಲ್ಲ.

ಮೂರು ತಿಂಗಳಲ್ಲಿ ಗೋಡೆಯ ಮೇಲೆ ಹನ್ನೊಂದು ಹಸಿರು ಟಿಕ್ಕುಗಳು ಬಿದ್ದವು. ಒಂದೊಂದು ಪೂರೈಸಿದಾಗಲೂ ಬೋರ್ಡಿನವನಿಗೆ ಕರೆ ಬರುತ್ತಿತ್ತು, ಅವನು ಡಬ್ಬಿ ಹಿಡಿದು ಹೋಗುತ್ತಿದ್ದ, ನಿಲ್ದಾಣದವರು ಚಪ್ಪಾಳೆ ತಟ್ಟುತ್ತಿದ್ದರು. ಹನ್ನೆರಡನೆಯ ಕರೆ ಬಂದಾಗ ಹಾಸಿಗೆಯವನು ಎಂದಿನಂತೆ ಕೂಗಾಡಲಿಲ್ಲ. ಮೆಲ್ಲಗೆ, “ಅಣ್ಣ, ಎಂಬತ್ತೆರಡು ಆಯ್ತು. ಅಕ್ಕನ್ನೂ ಕರ್ಕೊಂಡು ಬಾ,” ಎಂದ.

ಇಬ್ಬರೂ ಹೋದರು. ಅಂಗಡಿಯೊಳಗೆ, ಗಲ್ಲಾದ ಹಿಂದೆ, ಚೌಕಟ್ಟು ಹಾಕಿದ ಚಿತ್ರ ತೂಗುತ್ತಿತ್ತು. ಬೋರ್ಡಿನವನು ನೋಡಿದ, ಸಂತೋಷವೇ ಆಯಿತು. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಕುತ್ತಿಗೆ ದಿಂಬಿನಷ್ಟು ದಪ್ಪ. ಕಣ್ಣೆರಡೂ ಬೇರೆಬೇರೆ ಮನುಷ್ಯರದ್ದು. ನಗು ತಡೆಯಲು ನಾಲಿಗೆ ಕಚ್ಚಿಕೊಂಡು ಹೆಂಡತಿಯತ್ತ ತಿರುಗಿದ.

ಅವಳು ನಗುತ್ತಿರಲಿಲ್ಲ. ಚಿತ್ರದ ಮುಂದೆ ನಿಂತು, ಗಿರಾಕಿಯ ಕಣ್ಣು ನೋಡುವಾಗಿನಂತೆ ಮುಂದೆ ಬಾಗಿ, ಬಹಳ ಹೊತ್ತು ನೋಡಿದಳು.

“ಹನ್ನೆರಡು ಭಾನುವಾರ ಕೂರಿಸಿದ್ರು ಅಕ್ಕ,” ಎಂದಳು ತಂಗಿ. “ಅಲ್ಲಾಡಬೇಡ, ಅಲ್ಲಾಡಬೇಡ ಅಂತ ಪ್ರಾಣ ತಿಂದ್ರು. ನೋಡು, ಕೋತಿ ಹಾಗೆ ಬಂದಿದೀನಿ.” ಬೈಯುತ್ತಿದ್ದವಳ ಮುಖ ಅರಳಿಹೋಗಿತ್ತು. ಹನ್ನೆರಡು ಭಾನುವಾರ ಗಂಡ ತನ್ನನ್ನೇ ನೋಡಿಕೊಂಡು ಕೂತ ಹೆಂಗಸಿನ ಮುಖ ಅದು.

“ಚೆನ್ನಾಗಿದೆ,” ಎಂದಳು ಅಕ್ಕ. ಸುಳ್ಳು ಹೇಳಿದಂತೆ ಕೇಳಿಸಲಿಲ್ಲ.

ಹೊತ್ತು ಮೀರಿದೆ, ಟಿಕ್ಕನ್ನು ನಾಳೆ ಬೆಳಿಗ್ಗೆ ಹಾಕುತ್ತೇನೆಂದು ಹೇಳಿ ಬೋರ್ಡಿನವನು ಹೆಂಡತಿಯನ್ನು ಮನೆಗೆ ಕರೆತಂದ. ಅವನ ಹೊಟ್ಟೆಯಲ್ಲಿ ಇಷ್ಟು ದಿನ ಉರಿದದ್ದೆಲ್ಲ ಬಾಯಿಗೆ ಬಂತು. ಮನೆಯೊಳಗೆ ಕಾಲಿಟ್ಟವನೇ ಬಣ್ಣದ ಪೆಟ್ಟಿಗೆ ತೆಗೆದು, ಮುಚ್ಚಳದ ಒಳಗೆ ಅಂಟಿಸಿಟ್ಟಿದ್ದ ಹಾಸಿಗೆಯವನ ಕಾಗದವನ್ನು ಕಿತ್ತು ಅವಳ ಮುಂದೆ ಹಿಡಿದ.

“ಓದು. ಎಂಬತ್ತೆರಡು ಓದು.”

“ಈಜು ಕಲಿಯುವುದು,” ಎಂದು ಓದಿದಳು.

“ಮೂವತ್ತೇಳು?”

“ಅದೂ ಈಜು ಕಲಿಯುವುದು.”

“ನೋಡಿದ್ಯಾ? ಗೋಡೆ ಮೇಲಿರೋ ಮಾತು ಅವನದ್ದಲ್ಲ, ನಂದು! ಆ ಆಸೆ ನಂದು. ಇಪ್ಪತ್ತೆರಡು ವರ್ಷದಿಂದ ನಂದು!” ಪೆಟ್ಟಿಗೆಯ ತಳದಿಂದ ಕಿವಿ, ಗದ್ದ, ಬೆರಳುಗಳ ಕಾಗದಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಸುರಿದ. ಗೆದ್ದವನ ಹಾಗೆ ನಿಂತ.

ಅವಳು ಒಂದೊಂದನ್ನೇ ಎತ್ತಿ ದೀಪಕ್ಕೆ ಹಿಡಿದು ನೋಡಿದಳು. ಹಳೆಯ ಕಾಗದಗಳು ಹಳದಿಯಾಗಿದ್ದವು. ಕಿವಿಯ ಚಿತ್ರ ನೋಡಿ ತನ್ನ ಕಿವಿಯನ್ನು ಮುಟ್ಟಿಕೊಂಡಳು. ಅವಳ ಕಣ್ಣು ಒದ್ದೆಯಾದದ್ದನ್ನು ಕಂಡು ಅವನಿಗೆ ಜೀವ ಬಂದಂತಾಯಿತು.

“ಆ ಸಾಲು ಮಾತ್ರ ಬೇರೆ ಥರ ಇದೆ ಅಂತ ನನಗೆ ದಿನಾ ಅನ್ನಿಸ್ತಿತ್ತು,” ಎಂದಳು. “ಅಷ್ಟು ಮುತುವರ್ಜಿಯಿಂದ ನೀವು ಯಾಕೆ ಬರೆದಿದೀರಿ ಅಂತ.”

“ಈಗ ಗೊತ್ತಾಯ್ತಲ್ಲ?”

“ಆಯ್ತು.” ಕಾಗದಗಳನ್ನು ಜೋಡಿಸಿ ಅಂಚು ಸರಿಮಾಡಿದಳು. “ಆ ಆಸೆ ಅವರದೇ ಆಗಿದ್ರೆ ಚೆನ್ನಾಗಿತ್ತು. ನಮ್ಮನೆಯವರಿಗೆ ಇಂಥದ್ದೆಲ್ಲ ಹೊಳೆಯಲ್ಲ ಅಂತ ಸುಮ್ನಿರ್ತಿದ್ದೆ. ನಿಮಗೆ ಆಸೆ ಇತ್ತು, ಕೈ ಇತ್ತು, ನಾನೂ ಇದೇ ಮನೇಲಿದ್ದೆ. ಕೊನೆಗೆ ಅದನ್ನ ತಗೊಂಡು ಹೋಗಿ ಇನ್ನೊಬ್ಬರ ಹೆಸರಲ್ಲಿ ಬರೆದು ಬಂದ್ರಿ.”

ಅವನು ಕುರ್ಚಿಯೊಂದನ್ನು ದೀಪದ ಹತ್ತಿರ ಎಳೆದು, “ಈಗ ಬರೀತೀನಿ. ಈಗಲೇ ಕೂತ್ಕೋ,” ಎಂದ.

“ಬೇಡ. ಅವರು ಬರೆದದ್ದನ್ನ ನೋಡಿ ಬಂದ ದಿನ ಬೇಡ.” ಕಾಗದಗಳನ್ನು ಅವನ ಪೆಟ್ಟಿಗೆಯಲ್ಲೇ ಮತ್ತೆ ಇಟ್ಟಳು. “ನಾಳೆ ಹೋಗಿ ಟಿಕ್ ಹಾಕಿ ಬನ್ನಿ. ಅವರು ಮಾಡಿದಾರೆ.”

ಮರುದಿನ ಎಂಟಕ್ಕೆಲ್ಲ ಅವನು ಏಣಿ ಹತ್ತಿದ. ಕೆಳಗೆ ನಿಂತ ಹಾಸಿಗೆಯವನು, “ಇದಕ್ಕೆ ಸ್ವಲ್ಪ ದೊಡ್ಡದಾಗಿ ಹಾಕು ಅಣ್ಣ,” ಎಂದ. ಬೋರ್ಡಿನವನು ದೊಡ್ಡದಾಗಿಯೇ ಹಾಕಿದ. ಕೈ ಎಳ್ಳಷ್ಟೂ ನಡುಗಲಿಲ್ಲ; ಬೇರೆಯವರ ಕೆಲಸದಲ್ಲಿ ಅದು ಯಾವತ್ತೂ ನಡುಗಿದ್ದಿಲ್ಲ. ನಿಲ್ದಾಣದಲ್ಲಿದ್ದವರು ಜೋರಾಗಿ ಚಪ್ಪಾಳೆ ತಟ್ಟಿದರು.

ಅವನು ಏಣಿಯಿಂದ ಇಳಿಯಲಿಲ್ಲ. ಎಂಟೂವರೆಗೆ ಹೆಂಡತಿ ಬಸ್ಸಿಗೆ ಬರುತ್ತಾಳೆ, ಈ ಭಾನುವಾರ ಕೂರುತ್ತೀಯಾ ಎಂದು ಎಲ್ಲರೆದುರಿಗೆ ಕೇಳಿಬಿಡಬೇಕೆಂದು ಕಾದ. ಎಂಟೂವರೆಯಾಯಿತು. ಬಸ್ಸು ಬಂದು ನಿಂತಿತು. ಕಾಯುತ್ತಿದ್ದವರೆಲ್ಲ ಹತ್ತಿದರು. ಅವಳು ಒಳಗೇ ಇದ್ದಳು. ಹಿಂದಿನ ನಿಲ್ದಾಣದವರೆಗೂ ನಡೆದುಹೋಗಿ ಅಲ್ಲೇ ಹತ್ತಿದ್ದಳು. ಗೋಡೆ ಕಾಣದ ಆಚೆ ಬದಿಯ ಸೀಟಿನಲ್ಲಿ ಕೂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.